ಅಂವ ಎಲ್ಲಿ ನಿಂತಿದ್ದ?

2016ರ ಮೇ ತಿಂಗಳ ಕೊನೆಯ ದಿನ ನಾನು ಬೈಲಹೊಂಗಲದ ಕನ್ನಡ ಶಾಲೆಯ ಕೆಲಸದಿಂದ ನಿವೃತ್ತಳಾದೆ. ಹಾರ ಹಾಕಿದರು, ಶಾಲು ಹೊದಿಸಿದರು, ಒಂದು ಗೋಡೆ ಗಡಿಯಾರ ಕೊಟ್ಟರು. ಇನ್ನು ಹೊತ್ತು ನೋಡಿಕೊಂಡು ಓಡುವ ಕೆಲಸವಿಲ್ಲ ಎಂದಾದ ಮೇಲೆಯೇ ಜನ ಗಡಿಯಾರ ಯಾಕೆ ಕೊಡುತ್ತಾರೋ ನನಗಿನ್ನೂ ತಿಳಿದಿಲ್ಲ. ಪುಣೆಯಲ್ಲಿರುವ ಮಗ ಮಾತ್ರ, "ಅವ್ವಾ, ಊರೂರು ತಿರಗಬೇಕು ಅಂತ ಮೂವತ್ತು ವರ್ಷದಿಂದ ಅನಕೋತ ಬಂದಿ. ಈಗ ಹೋಗು. ಒಂದು ಚಲೋ ಕ್ಯಾಮೆರಾ ತಗೋ, ರೊಕ್ಕ ನಾ ಕೊಡ್ತೀನಿ" ಎಂದ. ನಮ್ಮ ಓಣಿಯ ಎಂಟು ಜನ ಗೆಳತಿಯರು ಸೇರಿ ವರ್ಷಕ್ಕೊಂದು ಪ್ರವಾಸ ಮಾಡುವುದೆಂದು ಆಗಲೇ ಮಾತಾಗಿತ್ತು. ಬೇಲೂರು, ಹಳೇಬೀಡು, ಐಹೊಳೆ, ಪಟ್ಟದಕಲ್ಲು ಎಂದು ಪಟ್ಟಿಯೂ ಆಗಿತ್ತು. ಹೀಗಾಗಿ ಒಂದು ಶನಿವಾರ ಮಗನೊಂದಿಗೆ ಹುಬ್ಬಳ್ಳಿಯ ಅಂಗಡಿಯೊಂದಕ್ಕೆ ಹೋದೆ.

ಅಂಗಡಿಯ ಹುಡುಗ ಎರಡು ಕ್ಯಾಮೆರಾ ತೆಗೆದು ಗಾಜಿನ ಮೇಲಿಟ್ಟ. ಒಂದು ಸೋನಿಯವರದು, ಅಂಗೈಯಲ್ಲಿ ಕೂಡುವಂಥದು, ತೂಕ 240 ಗ್ರಾಂ. ಪರ್ಸಿನಲ್ಲಿ ಕರವಸ್ತ್ರ, ಬೀಗದ ಕೈ, ಗುಳಿಗೆಗಳ ಜೊತೆ ತಾನೂ ಒಂದು ಕಡೆ ಬಿದ್ದಿರುತ್ತದೆ. ಇನ್ನೊಂದು ನಿಕಾನ್ ಪಿ900. ಅದರ ಹಿಂದಿನ ವರ್ಷವಷ್ಟೇ ಬಂದದ್ದು. ಮೂತಿ ಮುಂದೆ ಚಾಚಿಕೊಂಡು ಸಣ್ಣ ತೋಪಿನ ಹಾಗೆ ಕುಳಿತಿತ್ತು. ತೂಕ 900 ಗ್ರಾಂ, ಹಳೆಯ ಲೆಕ್ಕದಲ್ಲಿ ಹೇಳಿದರೆ ಒಂದು ಸೇರಿನ ಹತ್ತಿರ. ಸಣ್ಣದು ದೂರದ್ದನ್ನು ಮೂರೂವರೆ ಪಟ್ಟಿನಷ್ಟು ಹತ್ತಿರ ತರುತ್ತದೆ, ದೊಡ್ಡದು 83 ಪಟ್ಟು.

ಹುಡುಗ ನನ್ನನ್ನು ಅಂಗಡಿಯ ಬಾಗಿಲಿಗೆ ಕರೆದುಕೊಂಡು ಹೋಗಿ, ದೊಡ್ಡ ಕ್ಯಾಮೆರಾ ಕೈಗೆ ಕೊಟ್ಟು, ಗುಂಡಿ ಹೇಗೆ ಒತ್ತಬೇಕೆಂದು ತೋರಿಸಿದ. ಮೂತಿ ಸುಂಯ್ಯೆಂದು ಮುಂದೆ ಹೋಯಿತು. ರಸ್ತೆಯಾಚೆ ನಾಲ್ಕೈದು ಮನೆಗಳ ಹಿಂದಿನ ಮಾಳಿಗೆಯ ಮೇಲೆ ಒಬ್ಬಾಕೆ ತಲೆ ಒಣಗಿಸಿಕೊಳ್ಳುತ್ತಿದ್ದಳು. ಬರಿಗಣ್ಣಿಗೆ ಒಂದು ಹಳದಿ ಚುಕ್ಕಿ. ಗುಂಡಿ ಒತ್ತಿದಂತೆ ಆಕೆ ಬರುತ್ತ ಬರುತ್ತ ನನ್ನ ಎದುರಿಗೇ ಬಂದು ನಿಂತಳು. ಹಲ್ಲಿನಲ್ಲಿ ಹೇರ್‌ಪಿನ್ನು ಕಚ್ಚಿದ್ದಳು. ತನ್ನಷ್ಟಕ್ಕೆ ಏನೋ ನೆನೆದು ನಗುತ್ತಿದ್ದಳು. "ನೋಡ್ರಿ ಅಕ್ಕಾರ, ಹಣಿ ಮ್ಯಾಲಿನ ಕುಂಕುಮ ಸುದ್ದಾ ಕಾಣಿಸ್ತೈತಿ" ಎಂದ ಹುಡುಗ ಹೆಮ್ಮೆಯಿಂದ. ನಾನು ಕಾದ ಹಂಚು ಮುಟ್ಟಿದವಳ ಹಾಗೆ ಕ್ಯಾಮೆರಾ ಕೆಳಗಿಳಿಸಿದೆ.

"ಯಾಕ್ರೀ ಅಕ್ಕಾರ, ಭಾಳ ವಜ್ಜಿ ಆತೇನ್ರಿ?"

"ಹೌದಪಾ, ವಜ್ಜಿ ಐತಿ" ಎಂದೆ.

ಆ ಹುಡುಗನಿಗೆ ನಾನು ಏನೆಂದು ಹೇಳಲಿ? ಅದರ ಹಿಂದೆ ನಮ್ಮ ಅವ್ವನ ಕಥೆಯಿತ್ತು.

ನನ್ನ ತವರು ಸಂಗೊಳ್ಳಿ. ಹೆಸರು ಹೇಳಿದರೆ ಸಾಕು, ಎಲ್ಲಿಯವರಾದರೂ "ಓಹೋ, ರಾಯಣ್ಣನ ಊರು" ಅನ್ನುತ್ತಾರೆ. ಪ್ರತಿ ವರ್ಷ ಜನವರಿ 12, 13ಕ್ಕೆ ಊರಲ್ಲಿ ಉತ್ಸವ, ಅದರ ಬೆನ್ನಿಗೇ ಸಂಕ್ರಾಂತಿ. ಉತ್ಸವಕ್ಕೆ ಬಂದ ಪರಸ್ಥಳದವರು ಕೆಲವರು ಸಂಕ್ರಾಂತಿಯ ತನಕ ಆ ಕಡೆ ಈ ಕಡೆ ಓಡಾಡಿಕೊಂಡಿರುತ್ತಾರೆ. ನಮ್ಮೂರ ಹೆಣ್ಣುಮಕ್ಕಳಿಗೆ ಸಂಕ್ರಾಂತಿಯೆಂದರೆ ಮಲಪ್ರಭೆ. ಎಳ್ಳು, ಅರಿಶಿನ ಅರೆದು ಮೈಗೆ ಹಚ್ಚಿಕೊಂಡು ಹೊಳೆಗಿಳಿದು, ಸೂರ್ಯನಿಗೆ ಬೊಗಸೆ ನೀರು ಬಿಟ್ಟು, ದಂಡೆಯಲ್ಲೇ ಕುಳಿತು ಸಜ್ಜಿರೊಟ್ಟಿ, ಎಣ್ಣೆಗಾಯಿ ಉಂಡು ಬರುವುದು. ಅವ್ವ ತನ್ನ ಎಪ್ಪತ್ತೈದನೆಯ ವಯಸ್ಸಿನವರೆಗೂ ಅದನ್ನು ತಪ್ಪಿಸಿರಲಿಲ್ಲ.

2008ರ ಸಂಕ್ರಾಂತಿಯಲ್ಲಿ ಯಾರೋ ಆಕೆಯ ಚಿತ್ರ ತೆಗೆದರು. ಅದು ನಮಗೆ ಗೊತ್ತಾದದ್ದು ವರ್ಷ ಮುಗಿಯುವಾಗ, ತಮ್ಮ ಎಲ್ಲಿಂದಲೋ ಒಂದು ಕ್ಯಾಲೆಂಡರು ತಂದಾಗ. ಜನವರಿಯ ಹಾಳೆಯ ಮೇಲೆ ಅವ್ವ. ಮೊಣಕಾಲು ನೀರಲ್ಲಿ ನಿಂತಿದ್ದಾಳೆ. ಬೆಳ್ಳಗಿನ ಹಸಿ ಕೂದಲು ಬೆನ್ನ ಮೇಲೆ ಬಿಚ್ಚಿಬಿದ್ದಿದೆ. ಸೀರೆ ಮೈಗಂಟಿದೆ. ಬೊಗಸೆಯಿಂದ ನೀರು ಇಳಿಯುತ್ತಿದೆ, ಕಣ್ಣು ಮುಚ್ಚಿವೆ. ಕೆಳಗೆ ದಪ್ಪಕ್ಷರದಲ್ಲಿ 'ಶ್ರದ್ಧೆ' ಎಂದು ಅಚ್ಚಾಗಿತ್ತು. ಶ್ರದ್ಧೆಗೆ ಒಂದು ಹೆಸರಿತ್ತು, ಮನೆಯಿತ್ತು, ಐದು ಮಕ್ಕಳಿದ್ದರು.

ಮನೆಯೆಲ್ಲ ಸಂಭ್ರಮವೋ ಸಂಭ್ರಮ. "ಅತ್ತಿ, ಎಷ್ಟ ಚಂದ ಬಂದೀರಿ!" ಎಂದು ತಮ್ಮನ ಹೆಂಡತಿ ಕುಣಿದಾಡಿದಳು. ಅವ್ವ ಕ್ಯಾಲೆಂಡರನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು:

"ಅಂವ ಎಲ್ಲಿ ನಿಂತಿದ್ದ?"

ಯಾರಿಗೂ ಅರ್ಥವಾಗಲಿಲ್ಲ. "ಆಚಿ ದಂಡಿ ಮ್ಯಾಲೆ ಇರಬೇಕಬೇ" ಎಂದ ತಮ್ಮ.

"ಆಚಿ ದಂಡಿ ಮ್ಯಾಲೆ ಯಾರೂ ಇದ್ದಿಲ್ಲ. ನಾ ನೋಡೇ ಸೆರಗು ತಗದಿದ್ದೆ."

ಅಷ್ಟೇ ಮಾತು. ಮುಂದಿನ ಸಂಕ್ರಾಂತಿಗೆ ಆಕೆ ಹೊಳೆಗೆ ಬರಲಿಲ್ಲ. ಮೊಣಕಾಲು ನೋವು ಎಂದಳು, ಬಚ್ಚಲಲ್ಲೇ ಎಳ್ಳು ಹಚ್ಚಿಕೊಂಡು ಎರಕೊಂಡಳು. ಅದರ ಮುಂದಿನ ವರ್ಷವೂ ಬರಲಿಲ್ಲ. 2012ರಲ್ಲಿ ತೀರಿಕೊಳ್ಳುವ ತನಕ ಆಕೆ ಮತ್ತೆ ಹೊಳೆಗಿಳಿದದ್ದನ್ನು ನಾನು ಕಾಣಲಿಲ್ಲ.

"ನಾ ನೋಡೇ ಸೆರಗು ತಗದಿದ್ದೆ." ಈ ಮಾತಿನ ಬೆಲೆ ಗಂಡಸರಿಗೆ ಎಷ್ಟು ತಿಳಿಯುತ್ತದೋ ನಾನರಿಯೆ, ನಿಮಗಂತೂ ತಿಳಿಯುತ್ತದೆ. ನಾವು ನೋಡದೆ ಏನನ್ನು ಮಾಡುತ್ತೇವೆ ಹೇಳಿ! ತಲೆ ಬಿಚ್ಚುವ ಮುಂದೆ ನೋಡುತ್ತೇವೆ, ಕೂಸಿಗೆ ಮೊಲೆ ಕೊಡುವ ಮುಂದೆ ನೋಡುತ್ತೇವೆ, ಬಸ್ ಸ್ಟ್ಯಾಂಡಿನಲ್ಲಿ ಬಾಯಿತುಂಬ ನಗುವ ಮುಂದೆ ಸಹ ಒಮ್ಮೆ ಆಚೀಚೆ ನೋಡುತ್ತೇವೆ. ಯಾರೂ ಹೇಳಿಕೊಟ್ಟದ್ದಲ್ಲ, ಎಂಟು ವರ್ಷಕ್ಕೇ ಬಂದುಬಿಡುತ್ತದೆ. ಇದರಲ್ಲಿ ಒಂದು ನಂಬಿಕೆಯಿದೆ: ನಾನು ಯಾರನ್ನು ಕಾಣಬಲ್ಲೆನೋ ಅವರಷ್ಟೇ ನನ್ನನ್ನು ಕಾಣಬಲ್ಲರು, ನನ್ನ ಕಣ್ಣಿಗೆ ಯಾರೂ ಇಲ್ಲವೆಂದರೆ ಯಾರೂ ಇಲ್ಲ. ನೋಟದಲ್ಲಿ ನಾನೂ ನೀನೂ ಸಮ. ಈ ಒಪ್ಪಂದದ ಮೇಲೆಯೇ ನಮ್ಮ ಅವ್ವ ಎಪ್ಪತ್ತು ಸಂಕ್ರಾಂತಿ ಹೊಳೆಯಲ್ಲಿ ಮಿಂದಳು. 83 ಪಟ್ಟಿನ ಕಣ್ಣು ಈ ಒಪ್ಪಂದ ಮುರಿಯುತ್ತದೆ. ಅವ್ವ ನೋಡಿದ್ದು ಸುಳ್ಳಲ್ಲ, ದಂಡೆ ಖಾಲಿಯಿದ್ದದ್ದೂ ಸುಳ್ಳಲ್ಲ.

ಇನ್ನು ಅಂವ ಕೆಟ್ಟವನೇ? ಇರಲಿಕ್ಕಿಲ್ಲ. ಎಲ್ಲೋ ಜಾಲಿಮರದ ಕೆಳಗೆ ನಿಂತು, ಬೆಳಗಿನ ಬಿಸಿಲಲ್ಲಿ ಹೊಳೆಗಿಳಿದ ಮುದುಕಿಯನ್ನು ಕಂಡು ಕೈಮುಗಿಯುವಂಥ ಭಾವದಿಂದಲೇ ತೆಗೆದಿರಬೇಕು. ಕಳ್ಳಮನಸ್ಸಿನವನಾಗಿದ್ದರೆ ನೀರಿನಲ್ಲಿ ಹರೆಯದವರು ಬೇಕಾದಷ್ಟು ಜನರಿದ್ದರು. ಅದಕ್ಕೇ ಈ ಮಾತು ನನ್ನನ್ನು ಇಷ್ಟು ವರ್ಷ ಕಾಡಿದ್ದು. ಕೆಟ್ಟವನು ಮಾಡಿದ್ದರೆ ಬೈದು ಮರೆಯಬಹುದಿತ್ತು.

ಕಾನೂನು ಏನನ್ನುತ್ತದೆ ಎಂದು ವಕೀಲನಾದ ನನ್ನ ಹಳೆಯ ವಿದ್ಯಾರ್ಥಿಯನ್ನು ಕೇಳಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿದ್ದಾರಂತೆ. ಆ ದಾವೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂದು ತಿಳಿದು ಹೆಮ್ಮೆಯೆನಿಸಿತು. ಅದಕ್ಕೂ ಮುಂಚೆ, 2013ರಲ್ಲಿಯೇ, ಹೆಣ್ಣುಮಕ್ಕಳನ್ನು ಮರೆಯಲ್ಲಿ ನೋಡುವುದು, ಚಿತ್ರ ತೆಗೆಯುವುದು ಅಪರಾಧವಾಗಿದೆ. ಆದರೆ ಅಲ್ಲೊಂದು ಪ್ರಶ್ನೆ ಬರುತ್ತದೆ: ಆ ಜಾಗ ಮರೆಯಿರಬೇಕಾದ ಜಾಗವೋ ಅಲ್ಲವೋ? "ಟೀಚರ್ರ, ಹೊಳಿ ದಂಡಿ ಎಲ್ಲಾರದೂ ಆಗತೈತಲ್ರೀ" ಎಂದು ಅವನು ತಲೆ ತುರಿಸಿಕೊಂಡ. ಕಾನೂನು ಅವ್ವ ಎಲ್ಲಿ ನಿಂತಿದ್ದಳು ಎಂದು ಕೇಳುತ್ತದೆ. ಅವ್ವ ಕೇಳಿದ್ದು ಅಂವ ಎಲ್ಲಿ ನಿಂತಿದ್ದ ಎಂದು. ಕ್ಯಾಮೆರಾ ಕಿಸೆಗೆ ಬಂದಾಗಲೇ ಈ ಗೊಂದಲ ಶುರುವಾಗಿರಬೇಕು. ಕೊಡ್ಯಾಕ್ ಕ್ಯಾಮೆರಾ ಪೇಟೆಗೆ ಬಂದದ್ದು 1888ರಲ್ಲಿ. ಎರಡೇ ವರ್ಷಕ್ಕೆ, 1890ರಲ್ಲಿ, ಅಮೆರಿಕದ ವಾರನ್ ಮತ್ತು ಬ್ರ್ಯಾಂಡೈಸ್ ಎಂಬ ಇಬ್ಬರು ವಕೀಲರು ಖಾಸಗಿತನದ ಹಕ್ಕಿನ ಬಗ್ಗೆ ಲೇಖನ ಬರೆದು, ಥಟ್ಟನೆ ತೆಗೆಯುವ ಫೋಟೋಗಳ ಹಾವಳಿಯನ್ನು ಅದರಲ್ಲಿ ಎತ್ತಿದ್ದರು.

ಅಂಗಡಿಗೆ ವಾಪಸು ಬರುತ್ತೇನೆ. ನಾನು ಸಣ್ಣದನ್ನೇ ಕೊಂಡೆ. ಮಗನಿಗೆ ಬೇಸರವಾಯಿತು, "ಅದೇ ರೊಕ್ಕದಾಗ ಚಂದ್ರನ ಕುಳಿ ಕಾಣತಿದ್ದವಲ್ಲಬೇ" ಎಂದ. ಅವನಿಗೆ ಬೇರೆ ಕಾರಣ ಹೇಳಿ ಸಮಾಧಾನ ಮಾಡಿದೆ, ಆ ಕಾರಣವೂ ಸುಳ್ಳಾಗಿರಲಿಲ್ಲ. ಅಷ್ಟು ದೂರ ಎಳೆಯುವ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರು ಕಿರುಬೆರಳ ಉಗುರಿಗಿಂತ ಸಣ್ಣದು. ಅದು ದೊಡ್ಡದಾದರೆ ಮೂತಿ ಮೊಳದುದ್ದ ಆಗಬೇಕಾಗುತ್ತದೆ. ಸಣ್ಣ ಕ್ಯಾಮೆರಾದ ಸೆನ್ಸರು ಅದರ ನಾಲ್ಕು ಪಟ್ಟು. ಗುಡಿಯೊಳಗಿನ ಮಬ್ಬು ಬೆಳಕಿನಲ್ಲಿ, ಸಂಜೆಯ ದೀಪದಲ್ಲಿ ಚಿತ್ರ ಕಾಳು ಕಾಳಾಗದೆ ಬರುತ್ತದೆ. ನಮ್ಮ ಪ್ರವಾಸವೆಲ್ಲ ಗುಡಿಗಳದೇ. ನೀವೂ ಗುಡಿ ಗುಂಡಾರ ಸುತ್ತುವವರಾದರೆ ಇಷ್ಟು ತಿಳಿದಿರಲಿ. ಅಂಗಡಿಯವರು ಎಷ್ಟು ಪಟ್ಟು ದೂರ ಕಾಣುತ್ತದೆ ಎಂದು ತಾವಾಗಿ ಹೇಳುತ್ತಾರೆ, ಸೆನ್ಸರು ಎಷ್ಟು ದೊಡ್ಡದು ಎಂಬುದನ್ನು ನಾವೇ ಕೇಳಬೇಕು.

ಆದರೆ ಪಶ್ಚಾತ್ತಾಪವೇ ಆಗಲಿಲ್ಲವೆಂದು ಹೇಳಲಾರೆ. ಬೇಲೂರಿನಲ್ಲಿ ಆಯಿತು. ಸೂರಿನ ಕೆಳಗಿನ ಮದನಿಕೆಯರು ನನ್ನ ಸಣ್ಣ ಕ್ಯಾಮೆರಾಕ್ಕೆ ಸಿಗಲೇ ಇಲ್ಲ. ಕನ್ನಡಿ ಹಿಡಿದು ನಿಂತ ಆ ಸುಂದರಿ ಒಂಬತ್ತು ನೂರು ವರ್ಷದಿಂದ ಜನರಿಂದ ನೋಡಿಸಿಕೊಳ್ಳುತ್ತಲೇ ಇದ್ದಾಳೆ. ಯಾರು ಎಲ್ಲಿ ನಿಂತರೂ ಆಕೆಗೇನೂ ಇಲ್ಲ. ಘಟಪ್ರಭಾ ಪಕ್ಷಿಧಾಮದಲ್ಲಿ ಇನ್ನೂ ಹೆಚ್ಚಾಯಿತು. ಗೋಕಾಕ ತಾಲೂಕಿನ ಆ ಹಿನ್ನೀರಿಗೆ ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಡೆಮಾಯ್ಸೆಲ್ ಕೊಕ್ಕರೆಗಳು ಬರುತ್ತವೆ. ನನ್ನ ಚಿತ್ರದಲ್ಲಿ ಅವು ಎಳ್ಳು ಚೆಲ್ಲಿದಂತೆ ಬಂದಿವೆ. ಹತ್ತಿರ ಹೋಗೋಣವೆಂದು ನಾಲ್ಕು ಹೆಜ್ಜೆ ಇಟ್ಟರೆ ಎಲ್ಲ ಒಮ್ಮೆಲೇ ಎದ್ದು ಹಾರಿದವು. ಪಕ್ಕದಲ್ಲಿ ಕುಳಿತಿದ್ದ ಉದ್ದ ಮೂತಿಯ ಕ್ಯಾಮೆರಾದ ಹುಡುಗ ನನ್ನನ್ನು ನೋಡಿದ ನೋಟ ನಾನಿನ್ನೂ ಮರೆತಿಲ್ಲ. ಅವನು ಎರಡು ತಾಸಿನಿಂದ ಅಲುಗದೆ ಕುಳಿತಿದ್ದನಂತೆ. ಅಲ್ಲಿ ಹಕ್ಕಿಗಳಿಗೆ ಮರ್ಯಾದೆ ಕೊಟ್ಟವನು ದೂರ ನಿಂತ ಅವನೇ, ಸಣ್ಣ ಕ್ಯಾಮೆರಾ ಹಿಡಿದು ಮೇಲೆ ಬಿದ್ದ ನಾನಲ್ಲ. ಸಂಡೂರಿನ ಎಂ. ವೈ. ಘೋರ್ಪಡೆಯವರು ಈ ರಾಜ್ಯದ ಹಣಕಾಸು ಸಚಿವರಾಗಿದ್ದವರು, ಕಾಡುಪ್ರಾಣಿಗಳ ಕಪ್ಪು ಬಿಳುಪು ಚಿತ್ರಗಳಿಗೆ ಹೊರದೇಶಗಳಲ್ಲೂ ಹೆಸರಾದವರು. ಅಂಥವರು ಆನೆಯ ಸೊಂಡಿಲ ಹತ್ತಿರ ಹೋಗಿ "ತೆಗೆಯಲೇನು?" ಎಂದು ಕೇಳಲಿಕ್ಕಾಗುತ್ತದೆಯೇ? ಪ್ರಾಣಿಗೆ ನಾವು ದೂರವಿದ್ದಷ್ಟೂ ನೆಮ್ಮದಿ. ಮನುಷ್ಯರಿಗೆ ಮಾತ್ರ, ದೂರದಲ್ಲಿರುವವನು ಯಾರೆಂದು ತಿಳಿಯದಿದ್ದರೆ ನೆಮ್ಮದಿಯಿಲ್ಲ.

2018ರ ಡಿಸೆಂಬರಿನಲ್ಲಿ ಗೆಳತಿಯರೊಂದಿಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿದ್ದೆ. ಹೊಸ್ತಿಲ ಹುಣ್ಣಿಮೆ. ಜನ ಅದನ್ನು ರಂಡಿ ಹುಣ್ಣಿಮೆ ಅನ್ನುತ್ತಾರೆ. ಜಮದಗ್ನಿ ಸತ್ತು ಎಲ್ಲಮ್ಮ ವಿಧವೆಯಾದಳೆಂದು ಭಕ್ತೆಯರು ತಮ್ಮ ಬಳೆ ಒಡೆಸಿಕೊಳ್ಳುವ ದಿನ. ಮೆಟ್ಟಿಲುಗಳ ಮೇಲೆ ಉದ್ದ ಮೂತಿಯವರು ಸಾಲಾಗಿ ನಿಂತಿದ್ದರು. ನನಗೂ ಆಸೆಯಾಯಿತು. ಒಬ್ಬ ಹೆಣ್ಣುಮಗಳು ಕಲ್ಲಿನ ಮೇಲೆ ಕುಳಿತು ಬರಿಗೈ ಉಜ್ಜಿಕೊಳ್ಳುತ್ತಿದ್ದಳು. ಅಂಥ ಕೈ, ಅಂಥ ಮುಖ! ದೊಡ್ಡ ಕ್ಯಾಮೆರಾ ಇದ್ದಿದ್ದರೆ ನಾನೂ ಮೆಟ್ಟಿಲ ಮೇಲಿಂದಲೇ ತೆಗೆದುಬಿಡುತ್ತಿದ್ದೆ. ಇದನ್ನು ಮುಚ್ಚಿಡುವುದಿಲ್ಲ. ಸಣ್ಣದಿದ್ದುದರಿಂದ ಹತ್ತಿರ ಹೋಗಬೇಕಾಯಿತು. ಹತ್ತಿರ ಹೋದ ಮೇಲೆ ಕೇಳಬೇಕಾಯಿತು.

"ಯವ್ವಾ, ಒಂದು ಫೋಟೋ ತಗೀಲೇನು?"

ಆಕೆ ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು. "ನಿನ್ನ ಬಳಿ ಒಡಸೀಯೇನು?"

"ಇಲ್ಲಬೇ."

"ಮತ್ತ ನನ್ನದೊಂದ ಯಾಕ ತಗೀತಿ?"

ಕ್ಯಾಮೆರಾ ಪರ್ಸಿಗೆ ಹಾಕಿ ಪಕ್ಕದಲ್ಲಿ ಕುಳಿತೆ. ಆಕೆ ಸೆರಗಿನಿಂದ ಒಂದು ಹಿಡಿ ಚುರುಮುರಿ ತೆಗೆದು ಕೊಟ್ಟಳು. ಮಳೆ ಬೆಳೆಯ ಮಾತಾಯಿತು.

ಹಾಗಾದರೆ ಕೇಳಿ ತೆಗೆದದ್ದೆಲ್ಲ ಸರಿ, ಕೇಳದೆ ತೆಗೆದದ್ದೆಲ್ಲ ತಪ್ಪು ಎನ್ನಲೇ? ಮುತ್ತು ಕಟ್ಟುವುದನ್ನು ನಿಷೇಧಿಸಿ 1982ರಲ್ಲಿ ಕಾಯ್ದೆಯಾಯಿತು. ಆಮೇಲೂ ಅದು ಕದ್ದುಮುಚ್ಚಿ ನಡೆದದ್ದುಂಟು. ಹತ್ತು ವರ್ಷದ ಹುಡುಗಿಗೆ ಯಾರೋ ಮುತ್ತು ಕಟ್ಟುತ್ತಿರುವಾಗ ಒಬ್ಬ ದೂರದಿಂದ ಚಿತ್ರ ತೆಗೆದು ಪೊಲೀಸರಿಗೆ ಕೊಟ್ಟರೆ, "ಅಂವ ಎಲ್ಲಿ ನಿಂತಿದ್ದ?" ಎಂದು ಕೇಳುವ ಬಾಯಿ ನನಗಿಲ್ಲ. ಆದರೆ 1986ರ ಮಾರ್ಚಿನಲ್ಲಿ ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿ ನಡೆದದ್ದನ್ನು ಓದಿದಾಗ ಮನಸ್ಸು ಇಷ್ಟು ಸಲೀಸಾಗಿ ಮಾತಾಡಲಿಲ್ಲ. ವರದಾ ನದಿಯಲ್ಲಿ ಮಿಂದು ರೇಣುಕಾಂಬೆಯ ಗುಡಿಗೆ ಬೆತ್ತಲೆ ಹೋಗುವ ಸೇವೆಯನ್ನು ತಡೆಯಹೋದವರ ಮೇಲೆ, ಪೊಲೀಸರ ಮೇಲೆ ಭಕ್ತರು ತಿರುಗಿಬಿದ್ದರು, ಅವರ ಬಟ್ಟೆಯನ್ನೇ ಬಿಚ್ಚಿಸಿದರು. ಮುಂದೆ ಸರಕಾರ ಆ ಸೇವೆಯನ್ನು ನಿಷೇಧಿಸಿತು. ನಿಂತದ್ದು ಒಳ್ಳೆಯದೇ ಆಯಿತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅಲ್ಲಿಗೆ ಕ್ಯಾಮೆರಾ ಹಿಡಿದವರೂ ಹೋಗಿದ್ದರಲ್ಲ, ಅವರು ಯಾರ ಕೈಯಿಂದ ಯಾರನ್ನು ಬಿಡಿಸಲು ಹೋಗಿದ್ದರು? ದೇವಿಯೊಬ್ಬಳೇ ನೋಡುತ್ತಾಳೆಂದು ನಂಬಿ ಬಂದ ಹೆಂಗಸಿಗೆ ಅದೇ ಹಾದಿಯಲ್ಲಿ ಗಾಜಿನ ಕಣ್ಣುಗಳು ಎದುರಾದವು. ಅನಂತಮೂರ್ತಿಯವರು ಆ ಘಟನೆಯ ಬಗ್ಗೆ ಪ್ರಬಂಧ ಬರೆದು ನಮ್ಮಂಥ ಓದುಬರಹದವರನ್ನೇ ಮುಜುಗರಕ್ಕೆ ಹಚ್ಚಿದರು.

ಈಗ ಈ ಚರ್ಚೆ ಬರೀ ಕ್ಯಾಮೆರಾದ್ದಾಗಿ ಉಳಿದಿಲ್ಲ. 2020ರಲ್ಲಿ ನೂರು ಪಟ್ಟು ಹತ್ತಿರ ತರುತ್ತೇನೆನ್ನುವ ಮೊಬೈಲೇ ಬಂತು. ಉದ್ದ ಮೂತಿಯಾದರೂ ಕಾಣುತ್ತಿತ್ತು, ಮೊಬೈಲಿಗೆ ಅದೂ ಇಲ್ಲ. ಮೊನ್ನೆ ನನ್ನ ಮೊಮ್ಮಗಳು, ನಾನು ಆರಾಮ ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಹೋದದ್ದನ್ನು ಹಿಡಿದು ಮನೆಯವರ ಗ್ರೂಪಿಗೆ ಹಾಕಿದಳು. ಇಪ್ಪತ್ತಾರು ಮಂದಿ ನಕ್ಕರು. ನಾನೂ ನಕ್ಕೆ. ಚಿತ್ರ ಚಲೋ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ನನ್ನನ್ನು ನಿಜವಾಗಿ ಕಟ್ಟಿಹಾಕುವುದು ಇದೇ, ಚಿತ್ರ ಚಲೋ ಬಂದಿರುತ್ತದೆ ಎಂಬುದು. ಅವ್ವನ ಇನ್ನೊಂದು ಫೋಟೋ ನನ್ನ ಹತ್ತಿರವಿದೆ, ಬೈಲಹೊಂಗಲದ ಸ್ಟುಡಿಯೋದಲ್ಲಿ ತೆಗೆಸಿದ್ದು. ಕೇಳಿಯೇ ತೆಗೆದದ್ದು, ರೊಕ್ಕ ಕೊಟ್ಟು ತೆಗೆಸಿದ್ದು. ಇಳಕಲ್ ಸೀರೆ, ಹಣೆಯವರೆಗೆ ಸೆರಗು, ಮೊಣಕಾಲ ಮೇಲೆ ಎರಡು ಕೈ, ಎದುರಿಗೆ ಫೌಜದಾರ ನಿಂತಿದ್ದಾನೇನೋ ಎಂಬಂತೆ ಬಿಗಿದ ಮುಖ. ಆ ಹೆಂಗಸು ನನ್ನ ಅವ್ವನಲ್ಲ. ನನ್ನ ಅವ್ವ ಕ್ಯಾಲೆಂಡರಿನಲ್ಲಿದ್ದಾಳೆ. ಕೇಳಿ ತೆಗೆದದ್ದು ಸುಳ್ಳಾಯಿತು, ಕೇಳದೆ ತೆಗೆದದ್ದು ನಿಜವಾಯಿತು.

ನಮ್ಮೂರಿಗೆ ಮುಖದ ಹಸಿವು ಮೊದಲಿನಿಂದಲೂ ಇದೆ. ರಾಯಣ್ಣನ ಒಂದು ಫೋಟೋ ಲೋಕದಲ್ಲಿಲ್ಲ. ಇರಲಿಕ್ಕೆ ಸಾಧ್ಯವೂ ಇಲ್ಲ. ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು, ಫೋಟೋಗ್ರಫಿಯ ವಿದ್ಯೆಯನ್ನು ಪ್ಯಾರಿಸ್ಸಿನಲ್ಲಿ ಲೋಕಕ್ಕೆ ಸಾರಿದ್ದು 1839ರಲ್ಲಿ. ಕಿತ್ತೂರ ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿದ್ದ ಕಾಲದಲ್ಲಿ ಫ್ರಾನ್ಸಿನ ನಿಯೆಪ್ಸ್ ಎಂಬವನು ತನ್ನ ಕಿಟಕಿಯ ಹೊರಗಿನ ನೋಟವನ್ನು ತಾಸುಗಟ್ಟಲೆ ಬಿಸಿಲಿಗೊಡ್ಡಿ ತಗಡಿನ ಮೇಲೆ ಹಿಡಿದಿದ್ದ. ಆ ತಗಡು ಇನ್ನೂ ಉಳಿದಿದೆ, ಚೆನ್ನಮ್ಮನ ಮುಖ ಉಳಿದಿಲ್ಲ. ಈಗ ಊರಲ್ಲಿ ರಾಯಣ್ಣನ ಹೆಸರಿನ ಸೈನಿಕ ಶಾಲೆಯಾಗಿದೆ, ಅವನ ಬದುಕನ್ನು ಶಿಲ್ಪಗಳಲ್ಲಿ ತೋರಿಸುವ ದೊಡ್ಡ ತೋಟವಾಗಿದೆ. ಅಲ್ಲಿರುವ ಮೀಸೆ, ಮೂಗು, ಕಣ್ಣು ಎಲ್ಲ ಶಿಲ್ಪಿಗಳು ಊಹಿಸಿದ್ದು. ನಂದಗಡದಲ್ಲಿ ಅವನ ಸಮಾಧಿಯ ಆಲದ ಮರಕ್ಕೆ ಹೆಣ್ಣುಮಕ್ಕಳು ತೊಟ್ಟಿಲು ಕಟ್ಟಿ ಮಗುವನ್ನು ಬೇಡುವಾಗ ಯಾವ ಮುಖವನ್ನು ನೆನೆಯುತ್ತಾರೋ. ಆ ಕಾಲದಲ್ಲಿ ಒಬ್ಬ ಯಾವುದೋ ಮರದ ಮರೆಯಲ್ಲಿ ನಿಂತು ಕೇಳದೆ ಒಂದು ಚಿತ್ರ ಹಿಡಿದಿದ್ದರೆ ಇಂದು ನಾವೆಲ್ಲ ಅವನ ಕಾಲು ಮುಟ್ಟಿ ನಮಸ್ಕರಿಸುತ್ತಿದ್ದೆವಲ್ಲವೇ?

ಅವ್ವ ಹೋದ ವರ್ಷವೇ ತಮ್ಮ ಆ ಕ್ಯಾಲೆಂಡರಿನ ಹಾಳೆಗೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ. ನನಗದು ಸರಿಬರಲಿಲ್ಲ. ಯಾವ ನೋಟಕ್ಕೆ ಹೆದರಿ ಆಕೆ ಹೊಳೆ ಬಿಟ್ಟಳೋ ಅದೇ ನೋಟವನ್ನು ಬಂದುಹೋಗುವವರಿಗೆಲ್ಲ ತೋರಿಸುವುದೇ ಎಂದು ಎಷ್ಟೋ ಸಲ ಹೇಳಿದೆ. ಹೋದ ಸಂಕ್ರಾಂತಿಗೆ ಹೋದಾಗ ಜಗಳವೇ ಆಯಿತು.

"ಅಕ್ಕಾ, ಇದನ್ನ ಇಳಿಸಿದರ ಅವ್ವನ ಮಾರಿ ನೋಡಾಕ ನಾ ಎಲ್ಲಿಗಿ ಹೋಗ್ಲಿ?" ಎಂದ ಅವನು. ಅರವತ್ತು ದಾಟಿದ ಗಂಡಸು, ಕಣ್ಣಲ್ಲಿ ನೀರು ತಂದುಕೊಂಡ.

ನನಗೆ ಉತ್ತರ ಬರಲಿಲ್ಲ. ಮಧ್ಯಾಹ್ನ ಒಬ್ಬಳೇ ಹೊಳೆಗೆ ಹೋಗಿ, ಅವ್ವ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ಆಚೆ ದಂಡೆಯನ್ನು ಬಹಳ ಹೊತ್ತು ನೋಡಿದೆ. ಹೊಲ, ಜಾಲಿಕಂಟಿ, ಇನ್ನೂ ಆಚೆ ಒಂದು ಬೆಳ್ಳನೆಯ ಹಾದಿ. ಯಾರೂ ಇರಲಿಲ್ಲ.

ಮನೆಗೆ ಬಂದು ತಮ್ಮನಿಗೆ ಕಟ್ಟು ಇಳಿಸಲು ಹೇಳಿದೆ. ಹಿಂದಿನ ಮೊಳೆ ಬಿಚ್ಚಿ, ಕೆಳಗಿದ್ದ 'ಶ್ರದ್ಧೆ'ಯನ್ನು ಕತ್ತರಿಯಿಂದ ತೆಗೆದುಹಾಕಿ, ಆ ಜಾಗಕ್ಕೊಂದು ಬಿಳಿ ಹಾಳೆ ಅಂಟಿಸಿ, ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದ ದುಂಡಕ್ಷರದಲ್ಲಿ ಅವ್ವನ ಹೆಸರು, ಅಪ್ಪನ ಹೆಸರು, ಊರು ಬರೆದೆ. ತಮ್ಮ ಅದನ್ನು ಮತ್ತೆ ಅದೇ ಮೊಳೆಗೆ ಹಾಕಿದ. ಅವನ ಹೆಂಡತಿ ಚಹಾ ತಂದಳು. ನಾನು ಆ ಗೋಡೆಗೆ ಬೆನ್ನು ಮಾಡಿ ಕುಳಿತು ಕುಡಿದೆ.